ಳಕಾರದ ಮೇಷ್ಟ್ರ ಈಸ್ಟರ್ ಊಟ

ಕಂಬಳಿಯೊಳಗೆ ಸಿಕ್ಕಿಕೊಂಡ ಜೀರುಂಡೆಯ ಹಾಗೆ ಏನೋ ಸಣ್ಣಗೆ ಕಿರ್ರೆಂದಿತು. ರಾತ್ರಿ ಹತ್ತೂವರೆ. ಹೊಸ ಫೋನಿಗೆ ಧೂಳು ಕೂರಬಾರದೆಂದು ತಾಯಿ ಶಂಕರಮ್ಮ ಅದರ ಮೇಲೆ ಎರಡು ಟವೆಲು ಹೊದಿಸಿ ಮಲಗಿದ್ದರು. ರೇಣುಕಾಪ್ರಸಾದ್ ಟವೆಲುಗಳನ್ನು ಕಿತ್ತು ರಿಸೀವರ್ ಎತ್ತುವಷ್ಟರಲ್ಲಿ ಆ ಕಡೆಯಿಂದ ಅರ್ಧ ಮಾತು ಮುಗಿದಿತ್ತು.

"...ಸ್ಟೆಲ್ಲಾ ಮಾತಾಡ್ತಿರೋದು ಸರ್. ಮಧ್ಯರಾತ್ರಿ ಪೂಜೆಗೆ ಚರ್ಚಿಗೆ ಹೊರಟಿದ್ದೀವಿ. ನಾಲೆ ಊಟಕ್ಕೆ ಬರ್ತಾ..." ಫೋನು ಗೊರಗೊರ ಎಂದಿತು. "...ಕಲ್ಲು ತಗೊಂಡು ಬನ್ನಿ. ನಮ್ಮನೇದು ಆಗಲ್ಲ, ನಿಮ್ ಕಡೇದೇ ಆಗ್ಬೇಕು. ದೊಡ್ಡದೇ ತನ್ನಿ, ಹಿಟ್ಟು ಜಾಸ್ತಿ ಇದೆ."

ಲೈನು ಕಟ್ಟಾಯಿತು.

ರೇಣುಕಾಪ್ರಸಾದ್ ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮಕ್ಕಳು ಅವರಿಗೆ ಇಟ್ಟ ಹೆಸರು 'ಳಕಾರ'. ಲ ಮತ್ತು ಳ ಅದಲುಬದಲಾದರೆ ಅವರಿಗೆ ಅನ್ನದಲ್ಲಿ ಹರಳು ಸಿಕ್ಕಂತಾಗುತ್ತಿತ್ತು. ಗಣಿತದ ಸ್ಟೆಲ್ಲಾ ಮೇಡಂ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ, ಈಗಲೂ ಅಲ್ಲೇ ಇರುವ ತಮಿಳಿನವರು. ಅದೇನೋ, ಕನ್ನಡ ಮಾತಾಡುವಾಗ ಅವರ ನಾಲಿಗೆ ಳಕಾರಕ್ಕೆ ಹೊರಳುತ್ತಲೇ ಇರಲಿಲ್ಲ. "ನಾಲೆ ರಜೆ ಅಲ್ವಾ ಸರ್?" ಎಂದು ಅವರು ಕೇಳಿದರೆ, "ನಾಲೆ ಭದ್ರಾದ್ದು ಮೇಡಂ, ರಜೆ ನಾಳೆ" ಎಂದು ಇವರು ನಾಲ್ಕು ವರ್ಷದಿಂದ ತಿದ್ದುತ್ತಿದ್ದರು. ಕಳೆದ ತಿಂಗಳಷ್ಟೇ ಸ್ಟೆಲ್ಲಾ, "ನಮ್ಮಜ್ಜಿ ಈಸ್ಟರಿಗೆ ಹಿಟ್ಟಿಗೆ ಕಲ್ಲು ಹಾಕಿ ಆಪ್ಪಂ ಮಾಡೋರು" ಎಂದಾಗಲೂ, "ಕಲ್ಲು ಹಾಕಿದ್ರೆ ಹಲ್ಲು ಮುರಿಯುತ್ತೆ. ಅದು ಕಳ್ಳು. ಸೇಂದಿ" ಎಂದು ಇಡೀ ಸ್ಟಾಫ್ ರೂಮು ನಗುವಂತೆ ತಿದ್ದಿದ್ದರು.

ಆದ್ದರಿಂದ ಈಗಲೂ ಮನಸ್ಸಿನಲ್ಲೇ ತಿದ್ದಿಕೊಂಡರು. ತಿದ್ದಿದ ಮೇಲೆ ಬೆವರಿದರು.

ಮಡಿವಂತರ ಮನೆಯ ಮಗ ಕಳ್ಳು ತರುವುದು ಹೇಗೆ? ತರದೇ ಇರುವುದಾದರೂ ಹೇಗೆ? ಅದು ಬರೀ ಈಸ್ಟರ್ ಊಟವಾಗಿರಲಿಲ್ಲ. ಸ್ಟೆಲ್ಲಾ ತಮ್ಮ ಗೆಳತಿ, ಶಿವಮೊಗ್ಗದ ಹೊಸಮನೆ ಬಡಾವಣೆಯ ಅಮೂಲ್ಯಳನ್ನು ತಂದೆತಾಯಿಯ ಜೊತೆ ಕರೆದಿದ್ದರು. "ಹೆಣ್ಣು ನೋಡೋ ಶಾಸ್ತ್ರ ಅಂತ ಬೇಡ ಸರ್. ಊಟಕ್ಕೆ ಬಂದಂಗೆ ಬನ್ನಿ, ನೋಡ್ದಂಗೆ ನೋಡ್ಕಲ್ಲಿ" ಎಂದಿದ್ದರು. ಮೇಷ್ಟ್ರಿಗೆ ಮೂವತ್ತಮೂರು. ಇದು ಹನ್ನೊಂದನೆಯ ಸಂಬಂಧ. ಊಟ ಕೆಟ್ಟರೆ ಸಂಬಂಧವೂ ಕೆಟ್ಟಂತೆ.

ಬೆಳಕು ಹರಿಯುವ ಮುಂಚೆ ಸೈಕಲ್ಲಿನಲ್ಲಿ ಸೋಗಾನೆಯ ಕಡೆ ಹೋದರು. ಈಚಲು ಮರಗಳ ಹತ್ತಿರ ಗುಡಿಸಲ ಮುಂದೆ ಕೂತಿದ್ದ ಸಣ್ಣಮ್ಮ ಇವರನ್ನು ನೋಡಿದ್ದೇ ಎದ್ದು ನಿಂತಳು.

"ಅಯ್ಯೋ, ಮೇಷ್ಟ್ರು! ನನ್ ಮೊಮ್ಮಗಳು ಎಂಟನೇ ಕ್ಲಾಸಲ್ಲಿ ನಿಮ್ಮತ್ರಾನೇ ಓದೋದು. ಕೂತ್ಕಳಿ, ಇಲ್ಲೇ ಕುಡೀತೀರಾ?"

"ನನಗಲ್ಲಮ್ಮ. ಹಿಟ್ಟಿಗೆ."

"ಎಲ್ರೂ ಏನೋ ಒಂದ್ ಹೇಳ್ತಾರೆ, ಬಿಡಿ ಸ್ವಾಮಿ" ಎಂದು ಅವಳು ಶರಬತ್ತಿನ ಖಾಲಿ ಬಾಟಲಿಗೆ ತುಂಬಿಕೊಟ್ಟಳು. "ಮುಚ್ಚಳ ಬಿಗಿ ಮಾಡ್ಬೇಡಿ. ಅದು ಉಸಿರಾಡ್ಬೇಕು."

ಅದು ಉಸಿರಾಡಿದರೆ ಊರಿಗೆಲ್ಲ ವಾಸನೆ. ಮೇಷ್ಟ್ರು ತಿರುವಿನಾಚೆ ಹೋಗಿ, ಬಿರಡೆಯನ್ನು ಕಲ್ಲಿನಿಂದ ಕುಟ್ಟಿ ಬಿಗಿದರು. ಯಾರದೋ ಮದುವೆಯಲ್ಲಿ ತಾಂಬೂಲಕ್ಕೆ ಕೊಟ್ಟಿದ್ದ, 'ಶುಭವಿವಾಹ' ಎಂದು ಅಚ್ಚಾಗಿದ್ದ ಹಳದಿ ಚೀಲದಲ್ಲಿ ಬಾಟಲಿ ಇಟ್ಟರು. ಮನೆಗೆ ಬಂದು ಸ್ನಾನ ಮಾಡಿ, ಎಂದಿಗಿಂತ ದಪ್ಪಗೆ ವಿಭೂತಿ ಹಚ್ಚಿ ಭದ್ರಾವತಿ ಬಸ್ಸು ಹತ್ತಿದರು.

ಬಸ್ಸು ಹಲಸಿನ ಹಣ್ಣಿನ ಹಾಗೆ ತುಂಬಿತ್ತು. ಕಿಟಕಿಯ ಪಕ್ಕ ಕೂತಿದ್ದ ಬಿಳಿ ಪಂಚೆಯ ಹಿರಿಯರೊಬ್ಬರು ಕೈ ಚಾಚಿದರು.

"ಕೊಡ್ರಿ ಇಲ್ಲಿ ಚೀಲ, ನಿಂತ್ಕಂಡು ಎಷ್ಟೊತ್ತು ಹಿಡ್ಕೋತೀರಿ."

"ಬೇಡಿ, ಪರವಾಗಿಲ್ಲ."

"ಕೊಡಿ ಮಾರಾಯ್ರೇ, ನಾನೇನ್ ತಿಂದ್ಬಿಡ್ತೀನಾ?"

ಚೀಲ ಅವರ ತೊಡೆಯ ಮೇಲೆ ಕೂತಿತು. ಏಪ್ರಿಲ್ ಬಿಸಿಲು, ಕೆಳಗೆ ಎಂಜಿನ್ನಿನ ಕಾವು. ಎರಡು ಕಿಲೋಮೀಟರು ಹೋಗುವಷ್ಟರಲ್ಲಿ ಚೀಲದೊಳಗೆ ಯಾರೋ ಗೊಣಗಿದಂತಾಯಿತು. ಹಿರಿಯರು ಕಿವಿ ಹತ್ತಿರ ತಂದರು. ಆಗಲೇ ಬಿರಡೆ ಪಟಾಕಿಯಂತೆ ಸಿಡಿದು ಮೇಲಿನ ತಗಡಿಗೆ ಬಡಿಯಿತು. ಬಾಟಲಿ ಬುಸ್ಸೆಂದು ಉಕ್ಕಿ, ಅರ್ಧ ಪಂಚೆಗೂ ಇನ್ನರ್ಧ ಅವರ ಮೀಸೆಗೂ ಹಂಚಿಹೋಯಿತು.

ವಾಸನೆ ಬಸ್ಸಿನ ಉದ್ದಕ್ಕೂ ನಡೆದುಕೊಂಡು ಹೋಯಿತು.

"ಯಾರ್ರೀ ಅದು, ಹಬ್ಬ ಶುರು ಹಚ್ಕಂಡಿರೋದು?" ಕಂಡಕ್ಟರ್ ಕೂಗಿದ. "ಯಜಮಾನ್ರೇ, ವಯಸ್ಸಾದ್ರೆ ಸಾಕೇನ್ರಿ?"

ಮುಂದಿನ ಹೆಂಗಸರ ಸೀಟಿನಿಂದ ಒಬ್ಬ ತಾಯಿ ಎದ್ದು ಬಂದರು. ಚೀಲ ನೋಡಿದರು. ಪಂಚೆ ನೋಡಿದರು.

"ಇದು ನಮ್ಮನೇ ಚೀಲ ಅಲ್ವೇನ್ರೀ! ತಂಗಿ ಮಗನ ಮದುವೇದು! ಮಗಳ ಜೊತೆ ಹೊರಟಾಗಲೂ ಇದು ಬೇಕಿತ್ತಾ ನಿಮಗೆ?"

"ಶಾಂತಾ, ದೇವ್ರಾಣೆ ನಂದಲ್ಲ ಕಣೇ! ಈ ಮನುಷ್ಯಂದು!"

ಇಡೀ ಬಸ್ಸು ರೇಣುಕಾಪ್ರಸಾದರತ್ತ ತಿರುಗಿತು. ಅವರು ಹಿರಿಯರ ಮುಖ ನೋಡಲಾಗದೆ, ಕಣ್ಣಲ್ಲಿ ನೀರು ತುಂಬಿಕೊಂಡು, "ಹೌದಮ್ಮ. ಕಳ್ಳು ನಂದೇ. ನಾನೇ ತಂದಿದ್ದು" ಎಂದರು.

ಶಾಂತಮ್ಮ ಆ ವಿಭೂತಿಯನ್ನು ನೋಡಿದರು. ಸ್ಪಷ್ಟವಾದ ಳಕಾರವನ್ನು ಕೇಳಿದರು. "ಎಂಥ ಮನಸ್ಸಪ್ಪ ನಿಂದು! ಗುರುತಿಲ್ಲದ ಮುದುಕನ ಮಾನ ಉಳಿಸೋಕೆ ಇಂಥ ಮಾತು ಆಡ್ಬಾರ್ದು. ನೋಡಿ ಕಲೀರಿ" ಎಂದು ಗಂಡನ ಕಡೆ ತಿರುಗಿದರು. ಅವರ ಹಿಂದೆ ನಿಂತಿದ್ದ ಕನ್ನಡಕದ ಹುಡುಗಿ ಮಾತ್ರ ಮೇಷ್ಟ್ರನ್ನೇ ದಿಟ್ಟಿಸುತ್ತಿದ್ದಳು.

ಮೇಷ್ಟ್ರು ನಾಚಿಕೆಯಿಂದ ಎರಡು ಸ್ಟಾಪು ಮೊದಲೇ ಇಳಿದು, ಸುತ್ತಿ ಬಳಸಿ ಸ್ಟೆಲ್ಲಾ ಮನೆ ಸೇರಿದರು. ಅಂಗಳದ ತಂತಿಯ ಮೇಲೆ ಬಿಳಿ ಪಂಚೆಯೊಂದು ಒಣಗುತ್ತಿತ್ತು. ಒಳಗೆ, ಸ್ಟೆಲ್ಲಾರ ಗಂಡ ಸೆಲ್ವರಾಜರ ಚೌಕುಳಿ ಲುಂಗಿ ಉಟ್ಟು ಅದೇ ಹಿರಿಯರು, ಪಕ್ಕದಲ್ಲಿ ಶಾಂತಮ್ಮ ಮತ್ತು ಆ ಕನ್ನಡಕದ ಹುಡುಗಿ ಕೂತಿದ್ದರು.

"ಬನ್ನಿ ಸರ್. ಇವ್ರೇ ಅಮೂಲ್ಯನ ತಂದೆ, ಮುರುಗೇಶಪ್ಪನವರು" ಎಂದರು ಸ್ಟೆಲ್ಲಾ.

ಮುರುಗೇಶಪ್ಪ ಎದ್ದೇ ಬಿಟ್ಟರು. "ಇವ್ನೇ! ಇವ್ನದೇ ಬಾಟಲಿ!"

"ಕೂತ್ಕಳ್ರಿ ಸುಮ್ನೆ" ಎಂದರು ಶಾಂತಮ್ಮ.

"ಅವರು ಹೇಳ್ತಿರೋದು ನಿಜ" ಎಂದರು ಮೇಷ್ಟ್ರು.

"ನೋಡ್ರೀ, ಇಲ್ಲೂ ನಿಮ್ಮನ್ನ ಬಿಟ್ಕೊಡಲ್ಲ" ಎಂದು ಶಾಂತಮ್ಮ ಕಣ್ಣೊರೆಸಿಕೊಂಡರು.

ಅಡುಗೆಮನೆಯಲ್ಲಿ ಮಸಾಲೆಯ ಘಮ ತುಂಬಿತ್ತು. ಈಸ್ಟರಿನ ಮುಂಚಿನ ವ್ರತಕ್ಕೆ ನಲವತ್ತು ದಿನ ಮಾಂಸ ಬಿಟ್ಟಿದ್ದ ಮನೆಯಲ್ಲಿ ಒಂದು ಒಲೆಯ ಮೇಲೆ ಕೋಳಿ ಸಾರು ಕುದಿಯುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಬೇರೆ ಸ್ಟವ್, ಬೇರೆ ಪಾತ್ರೆ, ತರಕಾರಿ ಸಾಗು.

"ಸರ್, ಕಲ್ಲು ಕೊಡಿ. ಸ್ಟವ್ ಖಾಲಿ ಇದೆ."

"ಎಲ್ಲಾ ಚೆಲ್ಲಿಹೋಯ್ತು ಮೇಡಂ."

"ಕಲ್ಲು ಚೆಲ್ತಾ?"

"ಅರ್ಧ ಅವರ ಪಂಚೆಗೆ."

ಸ್ಟೆಲ್ಲಾ ಸೌಟು ಕೆಳಗಿಟ್ಟರು. "ಸರ್, ದೋಸೆ ಕಲ್ಲು! ನೀವು ಕಾವಲಿ ಅಂತೀರಲ್ಲ, ನಮ್ ತಮಿಲಲ್ಲಿ ಅದು ಕಲ್ಲು. ನಮ್ಮನೆ ಕಲ್ಲಲ್ಲಿ ಆಮ್ಲೆಟ್ ಹಾಕಿರ್ತೀವಿ. ಅದ್ರಲ್ಲಿ ಹೊಯ್ದ ದೋಸೆ ಅಮೂಲ್ಯ ಮನೆಯವರಿಗೆ ಹೆಂಗೆ ಬಡಿಸೋದು? ನಿಮ್ಮನೇದಾದ್ರೆ ಅವ್ರೂ ನೀವೂ ನೆಮ್ಮದಿಯಾಗಿ ಉಣ್ತೀರಿ ಅಂತ ಕೇಲಿದ್ದು."

ಜೀವಮಾನದಲ್ಲಿ ಮೊದಲ ಸಲ ಸ್ಟೆಲ್ಲಾ ಮೇಡಂರ ಲಕಾರ ಸರಿಯಾಗಿತ್ತು. ಅದನ್ನೇ ಮೇಷ್ಟ್ರು ತಿದ್ದಿದ್ದರು.

"ಯಾರಿಗೂ ಹೇಳ್ಬೇಡಿ" ಎಂದು ಅವರು ಕೈಮುಗಿದರು. ಸ್ಟೆಲ್ಲಾ ಸೆರಗನ್ನು ಬಾಯಿಗೆ ತುರುಕಿಕೊಂಡು ತಲೆಯಾಡಿಸಿದರು. ಪಕ್ಕದ ಸಸ್ಯಾಹಾರಿ ಮನೆಯ ಕರಿಬಸಮ್ಮ ಕಾವಲಿ ಕೊಟ್ಟರು, ಕಾವಲಿಯ ಜೊತೆ ತಾವೂ ಬಂದರು. ಊಟ ಮುಗಿಯುವವರೆಗೂ ಬಾಗಿಲಲ್ಲಿ ಕೂತು, "ಇವ್ರೇನಾ ಬಸ್ಸಲ್ಲಿ ಕುಡ್ದಿದ್ದು?" ಎಂದು ಲುಂಗಿಯ ಕಡೆ ಬೆರಳು ತೋರಿಸುತ್ತಿದ್ದರು. ದೋಸೆ ಹೂವಿನ ಹಾಗಿತ್ತು. ಮುರುಗೇಶಪ್ಪನವರ ಗಂಟಲಲ್ಲಿ ಒಂದೂ ಇಳಿಯಲಿಲ್ಲ. ಶಾಂತಮ್ಮ ಮೇಷ್ಟ್ರ ಎಲೆಗೆ ತಾವೇ ಬಡಿಸಿದರು.

ಸಂಜೆ ಅಮೂಲ್ಯಳ ಮನೆಯವರು ಹೊರಟುಹೋದ ಮೇಲೆ ಸ್ಟೆಲ್ಲಾ ಬಸ್ ಸ್ಟಾಪಿನವರೆಗೂ ಬಂದರು.

"ಅಮ್ಮ ಒಪ್ಪಿದ್ರು ಸರ್. ಹುಡುಗ ಅಪರಂಜಿ ಅಂದ್ರು. ಅಪ್ಪನ್ನ ಯಾರೂ ಕೇಲ್ಲೇ ಇಲ್ಲ."

"ಅಮೂಲ್ಯ?"

"ಅವಲು ಬೇಡ ಅಂದ್ಲು."

"ಕುಡುಕ ಅಂತಾನಾ?"

"ಅಯ್ಯೋ, ಇಲ್ಲ! 'ಇವರು ಸೇಂದಿ ಅಂಗಡಿ ಕಡೆ ತಲೆ ಹಾಕಿ ಮಲಗಿದವರೂ ಅಲ್ಲ, ಮುಖ ನೋಡಿದ್ರೇ ಗೊತ್ತಾಗುತ್ತೆ. ಅಷ್ಟು ಜನರೆದುರು, ಕಣ್ಣಲ್ಲಿ ನೀರು ಬೇರೆ ತಂದ್ಕೊಂಡು, ಎಷ್ಟು ಚೆನ್ನಾಗಿ ಸುಲ್ಲು ಹೇಲಿದ್ರು! ಇಂಥವರ ಜೊತೆ ಬಾಲೋದು ಹೆಂಗೆ?' ಅಂದ್ಲು."

ಬೆಳಗಿನಿಂದ ಮೇಷ್ಟ್ರು ಅಮೂಲ್ಯಳ ಎದುರು ಆಡಿದ್ದೇ ಎರಡು ಮಾತು. ಎರಡೂ ನಿಜ.

"ನಾನು ಹೇಲ್ಲಾ ಸರ್? ಫೋನಿನ ವಿಷಯ ಶುರುವಿಂದ ಹೇಲಿದ್ರೆ ಅವಲು ನಂಬ್ತಾಲೆ. ಪಾಪ, ಅವಲ ಅಪ್ಪನೂ ಬಚಾವ್."

ಬಸ್ಸು ಬಂದು ನಿಂತಿತು. ಮೇಷ್ಟ್ರು ಲೆಕ್ಕ ಹಾಕಿದರು. ಸ್ಟೆಲ್ಲಾ ಅಮೂಲ್ಯಳಿಗೆ ಹೇಳಿದರೆ ಅಮೂಲ್ಯ ಅಮ್ಮನಿಗೆ ಹೇಳುತ್ತಾಳೆ, ಅಮ್ಮ ಹೊಸಮನೆಗೆಲ್ಲ ಹೇಳುತ್ತಾರೆ, ಹೊಸಮನೆಯ ಹದಿನೆಂಟು ಮಕ್ಕಳು ಅವರ ಕ್ಲಾಸಿನಲ್ಲಿದ್ದಾರೆ. ಸುಳ್ಳುಗಾರನೆನ್ನಿಸಿಕೊಂಡು ಬದುಕಬಹುದು. ಬ್ರಹ್ಮಚಾರಿಯಾಗಿಯೂ ಬದುಕಬಹುದು. ಆದರೆ ಕನ್ನಡ ಮೇಷ್ಟ್ರಿಗೆ ಕನ್ನಡವೇ ಕೇಳಿಸಲಿಲ್ಲ ಎನ್ನಿಸಿಕೊಂಡು?

"ಬೇಡ ಮೇಡಂ. ಸುಳ್ಳು ಅಂತಾನೇ ಇರ್ಲಿ" ಎಂದು ಹತ್ತಿ ಕೂತರು.

ಮನೆಯಲ್ಲಿ ತಾಯಿ ಬಾಗಿಲಲ್ಲೇ ನಿಂತು ಕೇಳುತ್ತಾರೆ. ಊಟ ಚೆನ್ನಾಗಿತ್ತು, ಜಾತಕ ಕೂಡಲಿಲ್ಲ ಅಂದರಾಯಿತು. ಅಷ್ಟೇ. ಇದನ್ನು ಯಾರಿಗೂ, ಅಮ್ಮನಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ, ಳಕಾರದ ಮೇಷ್ಟ್ರು ಜೀವನದ ಮೊದಲ ಸುಳ್ಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡತೊಡಗಿದರು.