ಇಂಚಿನ ಮೂಗುಬೊಟ್ಟಿಗೆ ಮಿಲಿಮೀಟರ್ ನಟ್ಟು

ಇಂದ:
ಗುರುಬಸವರಾಜ,
ನಿವೃತ್ತ ದ್ವಿತೀಯ ದರ್ಜೆ ಸಹಾಯಕ,
ನಡುಮನೆ, ಕೊಟ್ಟೂರು.

ಗೆ:
ಶ್ರೀಮತಿ ನೀಲಗಂಗಮ್ಮನವರು,
ಅರ್ಜಿದಾರನ ಧರ್ಮಪತ್ನಿ ಹಾಗೂ ಮೇಲಧಿಕಾರಿ,
ಅಡುಗೆಮನೆ, ಅದೇ ವಿಳಾಸ.

ಮೂಲಕ: ಮಗಳು ಅಮೃತಾ (ಇಬ್ಬರೊಡನೆಯೂ ಮಾತನಾಡುತ್ತಿರುವ ಏಕೈಕ ಸದಸ್ಯೆ)

ವಿಷಯ: ಬಿಚ್ಚಲಾಗದ ಮೂಗುಬೊಟ್ಟನ್ನು ಕತ್ತರಿಸಲು ಅನುಮತಿ ಕೋರಿ.

ಉಲ್ಲೇಖ: 1. ನಿನ್ನೆ ದಾವಣಗೆರೆಯ ಸ್ಕ್ಯಾನಿಂಗ್ ಕೇಂದ್ರದಲ್ಲಿ ತಾವು ಆಡಿದ ಮಾತು.
2. ಆಮೇಲೆ ಆಡದೇ ಇರುವ ಮಾತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

1. ಹೋದ ತಿಂಗಳು ತಮ್ಮ ಮೂಗುಬೊಟ್ಟಿನ ಒಳಗಿನ ಚಿನ್ನದ ತಿರುಪು ಬಚ್ಚಲಲ್ಲಿ ಬಿದ್ದು ಕಾಣೆಯಾಯಿತು. ಅಕ್ಕಸಾಲಿಗರಲ್ಲಿಗೆ ಹೋಗೋಣವೆಂದು ತಾವು ಹೇಳಿದಿರಿ. ಇಷ್ಟು ಸಣ್ಣ ಕೆಲಸಕ್ಕೆ ಅಕ್ಕಸಾಲಿಗ ಯಾಕೆ ಎಂಬ ಅಭಿಪ್ರಾಯ ವ್ಯಕ್ತವಾಯಿತು. ಅರ್ಜಿದಾರನ ಹಳೆಯ ಕನ್ನಡಕದಿಂದ ಸಾಸಿವೆಗಿಂತ ತುಸು ದೊಡ್ಡದಾದ ಉಕ್ಕಿನ ನಟ್ಟೊಂದು ಬಿಚ್ಚಲ್ಪಟ್ಟು, ಸದರಿ ಮೂಗಿಗೆ ಹಾಕಲ್ಪಟ್ಟಿತು. ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ನಿಂತ ಕಾರಣ, ಇಕ್ಕಳದಿಂದ ಬಿಗಿಯಲ್ಪಟ್ಟಿತು. ಯಾರಿಂದ ಎಂಬುದು ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ.

2. ತಮ್ಮ ಎಡಗೈಗೆ ರೊಟ್ಟಿ ತಟ್ಟಲು ಬಲ ಸಾಲದಾದ ಕಾರಣ, ಡಾಕ್ಟರು ತಲೆಯ ಸ್ಕ್ಯಾನ್ ಆಗಲೇಬೇಕು, ತಡ ಮಾಡಬೇಡಿ ಎಂದರು. ಆ ಯಂತ್ರ ದೊಡ್ಡ ಅಯಸ್ಕಾಂತವಾದ ಕಾರಣ, ಮೈಮೇಲೆ ಉಕ್ಕು ಇರಕೂಡದು. ನಟ್ಟು ಉಕ್ಕಿನದಾದ ಕಾರಣ ಬಿಚ್ಚಬೇಕು. ಇಕ್ಕಳದ ಕಾರಣ ಬಿಚ್ಚಲು ಬರುತ್ತಿಲ್ಲ. ಆದ್ದರಿಂದ ದಂಪತಿಗಳು ಸ್ಕ್ಯಾನ್ ಇಲ್ಲದೆ ಹಿಂದಿರುಗಿದರು.

3. ಊರಿಗೆ ಬಂದ ಮೇಲೆ ವಾಚ್ ರಿಪೇರಿಯ ಪ್ರವೀಣಕುಮಾರ್ ಭೂತಗನ್ನಡಿ ಹಿಡಿದು ತಮ್ಮ ಮೂಗನ್ನು ಪರಿಶೀಲಿಸಿ ನೀಡಿದ ವರದಿ: “ಬೊಟ್ಟಿನ ಥ್ರೆಡ್ಡು, ಅಂದ್ರ ತಿರುಪಿನ ಗೆರಿ, ಇಂಚಿನ ಅಳತೀದೈತ್ರಿ, ನಟ್ಟು ಮಿಲಿಮೀಟರಿಂದು. ಇಷ್ಟು ಸಣ್ಣವು ಕಣ್ಣಿಗೆ ಒಂದಾ ಕಾಣ್ತಾವ. ಬೆರಳಿಲೆ ತಿರುವಿ ನೋಡ್ಬೇಕು. ಬಿಗಿ ಹಿಡೀತು ಅಂದ್ರ ಅಲ್ಲಿಗೇ ತೆಗೀಬೇಕ್ರಿ. ಈಗ ಕತ್ತರ್ಸೋದು ಬಿಟ್ರ ದಾರಿ ಇಲ್ಲ. ಇಕ್ಕಳ ಹಾಕಿದೋರು ಯಾರ್ರಿ?”

ಈ ಪ್ರಶ್ನೆಗೆ ಉತ್ತರವಾಗಿ ಅರ್ಜಿದಾರನು ಅಂಗಡಿಯ ಗೋಡೆಯ ಗಡಿಯಾರಗಳನ್ನು ನೋಡಿದನು. ಒಂದರಲ್ಲೂ ಸಮಯ ಸರಿಯಿರಲಿಲ್ಲ.

4. ಕತ್ತರಿಸುವ ಪ್ರಸ್ತಾಪ ಸ್ಕ್ಯಾನಿಂಗ್ ಕೇಂದ್ರದಲ್ಲೇ ಬಂದಾಗ ತಾವು ಎಲ್ಲರೆದುರು, “ಇವ್ರು ಗಟ್ಟಿಮುಟ್ಟಾಗಿ ಎದುರಿಗೆ ಕುಂತಾರ, ನಾನ್ಯಾಕ ಮೂಗುಬೊಟ್ಟು ತೆಗೀಲಿ? ಬರಿಮೂಗಿಲೆ ಊರಿಗೆ ಹೋದ್ರ, ಗಂಡನ ಮಣ್ಣು ಯಾವಾಗಾತು ಅಂತ ಕೇಳ್ತಾರ” ಎಂದಿರಿ. ತಮ್ಮ ನಿಲುವನ್ನು ಅರ್ಜಿದಾರ ಗೌರವಿಸುತ್ತಾನೆ. ಫಲಾನುಭವಿ ತಾನೇ ಆಗಿರುವುದರಿಂದ ವಿರೋಧಿಸಲು ಮುಜುಗರವೂ ಇದೆ.

5. ಲಗತ್ತಿಲ್ಲವೆಂದು ಜನರ ಅರ್ಜಿಗಳನ್ನು ವಾಪಸು ಕಳಿಸಿಯೇ ಹೆಸರು ಮಾಡಿದ ಅರ್ಜಿದಾರ, ತನ್ನ ಅರ್ಜಿಗೆ ಏನೂ ಕಡಿಮೆ ಮಾಡಿಲ್ಲ. ಆದರೂ ಒಂದು ಮಾತು ಯಾವ ನಮೂನೆಯಲ್ಲೂ ಕೂರುತ್ತಿಲ್ಲ. ಇಂದು ಬೆಳಿಗ್ಗೆ ತಮ್ಮ ಕೈಯಿಂದ ಲೋಟ ಬಿತ್ತು. ಬಿದ್ದದ್ದು ತಮಗೆ ಗೊತ್ತಾಗಲಿಲ್ಲ. ಅರ್ಜಿದಾರನಿಗೆ ಬಹಳ ಹೆದರಿಕೆಯಾಗಿದೆ.

ಆದ್ದರಿಂದ ಮೇಲಿನ ಕಾರಣಗಳನ್ನು ಪರಿಗಣಿಸಿ, ಕತ್ತರಿಸಲು ಅನುಮತಿ ನೀಡಿ, ನಾಳೆ ಬೆಳಗಿನ ದಾವಣಗೆರೆ ಬಸ್ಸಿಗೆ ಹೊರಡಬೇಕಾಗಿ ಪ್ರಾರ್ಥನೆ. ಹೊಸ ಬೊಟ್ಟನ್ನು ಅಕ್ಕಸಾಲಿಗರಿಂದಲೇ ಮಾಡಿಸಲಾಗುವುದು. ಇಕ್ಕಳವನ್ನು ಅಮೃತಾಳ ವಶಕ್ಕೆ ಒಪ್ಪಿಸಲಾಗಿದೆ.

ತಮ್ಮ ವಿಶ್ವಾಸಿ (ವಿಶ್ವಾಸ ಇನ್ನೂ ಉಳಿದಿದ್ದಲ್ಲಿ),
ಗುರುಬಸವರಾಜ

ಲಗತ್ತುಗಳು:
1. ಡಾಕ್ಟರ ಚೀಟಿ.
2. ಪಿಂಚಣಿಗಾಗಿ ಸಲ್ಲಿಸಿದ ಜೀವಿತ ಪ್ರಮಾಣ ಪತ್ರದ ಪ್ರತಿ. ಬರಿಮೂಗು ನೋಡಿ ಯಾರಾದರೂ ಕೇಳಿದರೆ, ಗಂಡ ಬದುಕಿದ್ದಾನೆಂದು ತೋರಿಸುವುದು.

ವಿ.ಸೂ.: ಸದರಿ ಪತ್ರವನ್ನು ಪ್ರತಿ ನವೆಂಬರಿನಲ್ಲಿ ಹೊಸದಾಗಿ ಮಾಡಿಸಬೇಕು. ಅರ್ಜಿದಾರನಿಗೆ ಅದು ಎಂದೂ ನೆನಪಿರುವುದಿಲ್ಲ. ನೆನಪಿಸುತ್ತ ಬಂದವರು ತಾವು. ಆದಕಾರಣ, ಬರುವ ನವೆಂಬರಿಗೂ ತಾವು ಇರಬೇಕಾಗಿ ವಿನಂತಿ.