ಮದ್ದು ತಾಳದ ವೈದ್ಯರಿಗೆ

ಇವರಿಗೆ,
ಶ್ರೀಮಾನ್ ಸ್ವಚ್ಛತಾ ಸಿಗಡಿಯವರು,
ಮುಖ್ಯ ಆರೋಗ್ಯಾಧಿಕಾರಿಗಳು,
ಎಡಗಡೆಯ ಕಲ್ಲಿನ ಗುಹೆ,
ನಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂ.

ಮಾನ್ಯರೇ,

ತಮ್ಮ ಕೆಂಪು ಕೋಟಿಗೂ, ಅದರ ಬೆನ್ನುದ್ದಕ್ಕೂ ಇಳಿದಿರುವ ಬಿಳಿಯ ಪಟ್ಟಿಗೂ, ಸದಾ ಯಾರನ್ನೋ ಒಳಗೆ ಕರೆಯುವಂತೆ ಬೀಸುತ್ತಿರುವ ಆ ಉದ್ದನೆಯ ಮೀಸೆಗಳಿಗೂ ಬೇರೆ ಬೇರೆಯಾಗಿ ವಂದನೆಗಳು. ತಾವು ಕ್ಷೇಮವೆಂಬುದು ಗಾಜಿನ ಈಚೆಯಿಂದಲೇ ಕಾಣುತ್ತಿದೆ. ಕಳೆದ ಮೂರು ತಿಂಗಳಲ್ಲಿ ಈ ಮನೆಯಲ್ಲಿ ಸೊರಗದೆ ಉಳಿದವರು ತಾವೊಬ್ಬರೇ ಆದ್ದರಿಂದ, ಈ ಪತ್ರವನ್ನು ಓದಿಕೊಳ್ಳುವ ಶಕ್ತಿ ತಮಗೆ ಧಾರಾಳವಾಗಿದೆಯೆಂದು ನಂಬಿದ್ದೇನೆ. ಇದನ್ನು ಬಹಿರಂಗವಾಗಿ ಬರೆಯಲು ಕಾರಣವಿಷ್ಟೆ: ಗಾಜಿಗೆ ಮೂಗು ಒತ್ತಿ ಖಾಸಗಿಯಾಗಿ ನಾನು ಹೇಳಿಕೊಂಡದ್ದನ್ನು ತಾವು ಈವರೆಗೆ ಒಮ್ಮೆಯೂ ಕಡತಕ್ಕೆ ತೆಗೆದುಕೊಂಡಿಲ್ಲ.

ತಾವು ಅಧಿಕಾರ ವಹಿಸಿಕೊಳ್ಳುವ ಮುಂಚೆ ನಾವು ಎಂಥ ಸ್ಥಿತಿಯಲ್ಲಿದ್ದೆವೆಂಬುದು ತಮಗೆ ತಿಳಿದಿರಲಾರದು. ನಾವು ಸಿದ್ಧರಾಗಿದ್ದೆವು. ನನ್ನ ಗಂಡ ಲಿಫ್ಟು ರಿಪೇರಿ ಮಾಡುವವರು. "ಲಿಫ್ಟು ಮಧ್ಯದಲ್ಲಿ ನಿಂತಾಗ ಒಳಗೆ ಜನ ಇರ್ತಾರೆ, ಆಗ ಸ್ಪ್ಯಾನರ್ ಹುಡ್ಕೋಕೆ ಹೋಗೋದಲ್ಲ" ಎನ್ನುವುದು ಅವರ ಬದುಕಿನ ಒಟ್ಟು ತತ್ವ. ಅವರ ಒತ್ತಾಯಕ್ಕೆ ಹಿಂದಿನ ಕೋಣೆಯಲ್ಲಿ ಮೀನುಗಳಿಗೆಂದೇ ಒಂದು ಚಿಕ್ಕ ಆಸ್ಪತ್ರೆ ತೊಟ್ಟಿ ಇತ್ತು. ಅದರಲ್ಲಿ ಮರಳಿರಲಿಲ್ಲ, ಕಲ್ಲಿರಲಿಲ್ಲ. ರೋಗಿ ಅಡಗಿಕೊಳ್ಳಲು ಎರಡು ತುಂಡು ಪೈಪು, ಒಂದು ಹೀಟರು, ಅಷ್ಟೆ. ಅದಕ್ಕೆ ಬೇಕಾದ ಸ್ಪಂಜಿನ ಫಿಲ್ಟರನ್ನು, ನೀರು ಶುದ್ಧಮಾಡುವ ಬ್ಯಾಕ್ಟೀರಿಯ ಅದರೊಳಗೆ ಜೀವಂತವಾಗಿರಲೆಂದು, ದೊಡ್ಡ ತೊಟ್ಟಿಯ ಮೂಲೆಯಲ್ಲೇ ಇಳಿಬಿಟ್ಟಿದ್ದೆವು. ಡ್ರಮ್ಮಿನಲ್ಲಿ ಬೆರೆಸಿಟ್ಟ ಉಪ್ಪುನೀರು, ಕಪಾಟಿನಲ್ಲಿ ತಾಮ್ರದ ಔಷಧಿ, ಪಕ್ಕದಲ್ಲಿ ಅದನ್ನು ಅಳೆಯುವ ಕಿಟ್ಟು, 'ಸೋಪು ಮುಟ್ಟಿಸಿದವರನ್ನು ಬಿಡುವುದಿಲ್ಲ' ಎಂದು ಅವರೇ ಬರೆದಿಟ್ಟ ನೀಲಿ ಬಕೆಟ್ಟು. ಇಷ್ಟೆಲ್ಲ ಇಟ್ಟುಕೊಂಡು ಆರು ವರ್ಷ ಕಾದೆವು. ಒಂದು ಮೀನೂ ಕೆಮ್ಮಲಿಲ್ಲ.

ಆಗ ಅಕ್ವೇರಿಯಂ ಅಂಗಡಿಯವರು ತಮ್ಮ ಹೆಸರನ್ನು ಸೂಚಿಸಿದರು. "ಮೇಡಂ, ಇದೊಂದು ಒಳಗಿದ್ರೆ ಸಾಕು. ಮೀನಿನ ಮೈ ಮೇಲಿನ ಹುಳ ಎಲ್ಲ ಕಿತ್ತು ತಿನ್ನತ್ತೆ. ಔಷಧಿ ಬಾಟ್ಲಿ ಎಲ್ಲಿಟ್ಟಿದ್ದೀನಿ ಅನ್ನೋದೇ ನಿಮಗೆ ಮರೆತುಹೋಗತ್ತೆ" ಎಂದರು. ಈ ಭವಿಷ್ಯವಾಣಿಯ ಎರಡನೆಯ ಭಾಗ ಅಕ್ಷರಶಃ ನಿಜವಾಯಿತು ಎಂಬುದನ್ನು ಇಲ್ಲಿ ದಾಖಲಿಸಲೇಬೇಕು. ಮನೆಯೊಳಗೇ ಕಾಯಂ ವೈದ್ಯರಿರುವಾಗ ಖಾಲಿ ಆಸ್ಪತ್ರೆಯೊಂದು ಯಾಕೆ ಜಾಗ ತಿನ್ನಬೇಕು? ಆಸ್ಪತ್ರೆ ತೊಟ್ಟಿಯನ್ನು ಮಗ್ಗುಲಾಗಿ ಮಲಗಿಸಿ, ನನ್ನ ಕವನ ಸಂಕಲನಗಳನ್ನು ಅದರೊಳಗೆ ಸಾಲಾಗಿ ಜೋಡಿಸಿದೆ. ಗಾಜಿನ ಹಿಂದೆ ಅವು ನಿಜಕ್ಕೂ ಚೆನ್ನಾಗಿ ಕಂಡವು. ನೋಡುವವರಿಗೆ ಅಸಹ್ಯವೆಂದು ಸ್ಪಂಜನ್ನು ಎತ್ತಿ ಕಿಟಕಿಯ ಮೇಲಿಟ್ಟೆ. ಅದು ಒಣಗಿ ಬಿಸ್ಕತ್ತಿನಂತಾಯಿತು. ಡ್ರಮ್ಮಿನಲ್ಲಿ ಹಾಸಿಗೆ ಬಟ್ಟೆಗಳು ನೆನೆಯತೊಡಗಿದವು. ನೀಲಿ ಬಕೆಟ್ಟಿಗೆ ಸೋಪು ಮುಟ್ಟಿತು, ಮುಟ್ಟಿಸಿದವಳು ನಾನೇ. ನನ್ನ ಗಂಡ ಎಲ್ಲವನ್ನೂ ನೋಡಿ, "ಸರಿ, ನಿನ್ನ ಡಾಕ್ಟ್ರು, ನಿನ್ನ ಜವಾಬ್ದಾರಿ" ಎಂದರು.

ತಮ್ಮ ಕಚೇರಿಯ ಶಿಸ್ತನ್ನು ಕಂಡು ನಾವು ಬೆರಗಾದದ್ದು ಸುಳ್ಳಲ್ಲ. ಬೆಳಗ್ಗೆ ನಾನು ತೊಟ್ಟಿಯ ದೀಪ ಹಾಕುವಾಗಲೇ ತಾವು ಗುಹೆಯ ಬಾಗಿಲಲ್ಲಿ ಹಾಜರು. ರೋಗಿಗಳು ತಳ್ಳಾಟವಿಲ್ಲದೆ, ಚೀಟಿಯಿಲ್ಲದೆ ಬಂದು ಬಾಯಿ ತೆರೆದು ನಿಲ್ಲುವರು. ತಾವು ಮೈಮೇಲೆ ಹತ್ತಿ, ಕಿವಿರಿನ ಸಂದಿಯಲ್ಲಿ ನಯವಾಗಿ ಕೈಯಾಡಿಸಿ, ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವಿರಿ. ತಪಾಸಣೆಯ ನೆಪದಲ್ಲಿ ರೋಗಿಯ ಬಾಯೊಳಗಿನ ತುತ್ತನ್ನೂ ತಾವು ಎಷ್ಟೋ ಸಲ ಎಳೆದುಕೊಂಡದ್ದನ್ನು ಕಂಡಿದ್ದೇನೆ. ಪಥ್ಯ ಹೇಳಿರಬೇಕು ಎಂದುಕೊಂಡೆ.

ತಮ್ಮ ರೋಗಿಗಳು ಒಟ್ಟು ಮೂವರು. ಅವರ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ತಾವು ಅವರ ಮೈಯನ್ನು ಬಲ್ಲಿರೇ ಹೊರತು ಮನೆತನವನ್ನಲ್ಲ. ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ದೊಡ್ಡ ಕ್ಲೌನ್ ಮೀನನ್ನು ನನ್ನ ಅತ್ತೆ 'ಯಜಮಾನ್ತಿ' ಎಂದು ಕರೆಯುತ್ತಾರೆ. ಅವಳ ಅರ್ಧದಷ್ಟಿದ್ದು ಸದಾ ಅವಳ ಹಿಂದೆಯೇ ಸುತ್ತುತ್ತಿದ್ದ ಅವಳ ಗಂಡ, ಪುಟ್ಟರಾಯ. ಎಲ್ಲಿಗೂ ಹೋಗುವುದಿಲ್ಲದಿದ್ದರೂ ದಿನವಿಡೀ ಧಾವಿಸುವ ನೀಲಿ ಮೀನು, ಅವಸರದವನು. ಮಂಡಿಯ ಆಪರೇಶನ್ ಆದಂದಿನಿಂದ ಅತ್ತೆಯ ಕುರ್ಚಿ ಈ ತೊಟ್ಟಿಯ ಮುಂದೆಯೇ ಇದೆ. ನನ್ನ ಜೊತೆ ಅವರು ದಿನಕ್ಕೆ ಹತ್ತು ಮಾತಾಡಿದರೆ ಯಜಮಾನ್ತಿಯ ಜೊತೆ ನೂರು ಆಡುತ್ತಾರೆ, ಆ ನೂರರಲ್ಲಿ ಎಂಬತ್ತು ನನ್ನ ಕುರಿತು. "ನೋಡಿದ್ಯಾ, ಇವತ್ತೂ ಪುಸ್ತಕ ಹಿಡ್ಕೊಂಡು ಹಾಲು ಉಕ್ಕಿಸಿದ್ಲು" ಎಂಬಿತ್ಯಾದಿ ದೂರುಗಳೆಲ್ಲ ಮೊದಲು ಅಲ್ಲಿ ದಾಖಲಾಗಿ, ನೀರಿನಲ್ಲಿ ನೆನೆದು, ಬಹಳ ಮೃದುವಾದ ಮೇಲೆ ನನಗೆ ತಲುಪುತ್ತವೆ. ಯಜಮಾನ್ತಿ ಇಲ್ಲವಾದರೆ ಅವು ಒಣಒಣವಾಗಿ ನೇರ ನನ್ನ ಮೇಲೆಯೇ ಬೀಳುತ್ತವೆ ಎಂಬುದನ್ನಾದರೂ ತಾವು ಯೋಚಿಸಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳಿಲ್ಲದಿದ್ದರೆ ಅತ್ತೆ ಬೆಳಗ್ಗೆ ಎದ್ದು ಯಾರ ಮುಂದೆ ಕುಳಿತುಕೊಳ್ಳಬೇಕು?

ಒಂದು ಸೋಮವಾರ ಯಜಮಾನ್ತಿಯ ಬಾಲದ ಮೇಲೆ ಉಪ್ಪಿನ ಹರಳಿನಂಥ ಐದಾರು ಬಿಳಿ ಚುಕ್ಕಿಗಳು ಕಂಡವು. ಅವಳು ಮೈಯನ್ನು ಕಲ್ಲಿಗೆ ಉಜ್ಜಿಕೊಳ್ಳುತ್ತಿದ್ದಳು. ತಾವು ತಕ್ಷಣ ಕಾರ್ಯೋನ್ಮುಖರಾದಿರಿ. ಗುರುವಾರದ ಹೊತ್ತಿಗೆ ಚುಕ್ಕಿಗಳು ಮಾಯ. "ಕೈಗುಣ ಅಂದ್ರೆ ಇದು ಕಣೇ" ಎಂದು ಅತ್ತೆ ಕೊಂಡಾಡಿದರು. ಅಷ್ಟೊಂದು ಕೈಗಳಿರುವವರಿಗೆ ಕೈಗುಣಕ್ಕೇನು ಕೊರತೆ ಎಂದು ನಾನೂ ಒಪ್ಪಿದೆ. ತಾವು ಬಾಗಿಲಲ್ಲಿ ನಿಂತು ಮೀಸೆ ಬೀಸುತ್ತಾ ಅಭಿನಂದನೆಗಳನ್ನು ಸ್ವೀಕರಿಸಿದಿರಿ. ಆ ದಿನ ತಮಗೆ ಎರಡು ಪಾಲು ಊಟ ಸಂದಾಯವಾಯಿತು.

ಮಾನ್ಯರೇ, ಆ ಚುಕ್ಕಿಗಳು ವಾಸಿಯಾಗಿ ಹೋಗಿರಲಿಲ್ಲ. ಹೊಟ್ಟೆ ತುಂಬಿದ್ದರಿಂದ ಸಂಸಾರ ಹೂಡಲು ಇಳಿದುಹೋಗಿದ್ದವು. ಆ ಹುಳು ಮೀನಿನ ಚರ್ಮದೊಳಗೆ ಕೂತು ತಿಂದು, ತಾನಾಗಿಯೇ ಉದುರಿ, ಮರಳಿನಲ್ಲಿ ಒಂದು ನೂರಾಗಿ ಮತ್ತೆ ಮೇಲೇಳುತ್ತದೆಂಬುದನ್ನು ನಾನು ಅಂದೇ ಓದಬಹುದಿತ್ತು. ನಾನು ಬೇರೇನೋ ಓದುತ್ತಿದ್ದೆ. ತಮಗಂತೂ ಅದು ಗೊತ್ತೇ ಇದ್ದಿರಬೇಕು, ಅದೇ ಮರಳಿನ ಮೇಲೆ ತಾವು ದಿನಕ್ಕೆ ನಾಲ್ಕು ಸಲ ವಾಯುವಿಹಾರ ಮಾಡುವವರು. ಆ ಸೋಮವಾರದಿಂದ ಹದಿನಾಲ್ಕನೆಯ ದಿನ, ಭಾನುವಾರ ಬೆಳಗ್ಗೆ, ಮೂವರ ಮೈಮೇಲೂ ಹಿಟ್ಟು ಎರಚಿದಂತಿತ್ತು. ಪುಟ್ಟರಾಯ ತಳದಲ್ಲಿ ಕೂತು ಏದುಸಿರು ಬಿಡುತ್ತಿದ್ದ.

ಅಂಗಡಿಯವರಿಗೆ ಫೋನು ಮಾಡಿದೆ. "ತಾಮ್ರದ ಔಷಧಿ ಹಾಕಿ ಮೇಡಂ, ಬೇರೆ ದಾರಿ ಇಲ್ಲ. ಆದ್ರೆ ದೊಡ್ಡ ತೊಟ್ಟಿಗೆ ಒಂದು ಹನೀನೂ ಬೀಳಬಾರ್ದು" ಎಂದರು. ಯಾಕೆ ಎಂದು ಕೇಳಿದೆ. "ಅಯ್ಯೋ, ತಾಮ್ರ ಬಿದ್ರೆ ಸಿಗಡಿ ಉಳಿಯತ್ತಾ?" ಎಂದರು. ನಾನು ಅವರಿಂದ ಆ ಮಾತನ್ನು ಎರಡು ಸಲ ಹೇಳಿಸಿದೆ. ಇಡೀ ಊರಿನ ರೋಗಕ್ಕೆ ಇರುವುದೊಂದೇ ಮದ್ದು. ಆ ಮದ್ದನ್ನು ತಾಳಲಾರದವರು ಆ ಊರಿನ ವೈದ್ಯರೊಬ್ಬರೇ! ಹಾಗಾಗಿ ರೋಗಿಗಳೆಲ್ಲ ಹೊರಗೆ ಬರಬೇಕು, ವೈದ್ಯರು ಒಳಗೇ ಇರಬೇಕು. ಹುಳುವಿಗೆ ಮೈ ಸಿಗದೆ ಅದು ಹಸಿದು ಸಾಯುವವರೆಗೆ, ಅಂದರೆ ಎಪ್ಪತ್ತಾರು ದಿನ, ಒಂದೇ ಒಂದು ಮೀನೂ ಒಳಗೆ ಕಾಲಿಡಬಾರದು, ಅಂದರೆ ಬಾಲವಿಡಬಾರದು. ನಾನು ಬಲೆ ಹಿಡಿದು ನಿಂತಾಗ ಅತ್ತೆ ಕೇಳಿದ್ದು ಈಗಲೂ ಕಿವಿಯಲ್ಲಿದೆ: "ಅಲ್ಲ ಕಣೇ, ಡಾಕ್ಟ್ರನ್ನ ಆಸ್ಪತ್ರೇಲಿ ಬಿಟ್ಟು ರೋಗಿಗಳನ್ನ ಎಲ್ಲಿಗೆ ಕರ್ಕೊಂಡು ಹೊರಟೆ?"

ಎಲ್ಲಿಗೆಂದು ನನಗೂ ಗೊತ್ತಿರಲಿಲ್ಲ. ಕವನಗಳನ್ನೆಲ್ಲ ತೊಟ್ಟಿಯಿಂದ ಮಂಚದ ಮೇಲೆ ಸುರಿದೆವು. ಔಷಧಿಯ ಬಾಟಲಿಯ ಅವಧಿ ಮುಗಿದು ಒಂದು ವರ್ಷವಾಗಿತ್ತು. ನನ್ನ ಗಂಡ ಒಂದು ಮಾತೂ ಆಡದೆ ಹೊಸ ಬಾಟಲಿ, ಹೊಸ ಬಕೆಟ್ಟು ತಂದರು. ಅವರು ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಡ್ರಮ್ಮನ್ನು ತಿಕ್ಕಿ ತಿಕ್ಕಿ ತೊಳೆದು ಉಪ್ಪು ಬೆರೆಸಿದೆವು. ಉಪ್ಪುನೀರು ಹದಕ್ಕೆ ಬರಲು ಒಂದು ದಿನ ತಿರುಗುತ್ತಿರಬೇಕು. ಆ ಒಂದು ದಿನ ನಮ್ಮ ಬಳಿ ಇತ್ತು. ಪುಟ್ಟರಾಯನ ಬಳಿ ಇರಲಿಲ್ಲ.

ಸೋಮವಾರ ಮಧ್ಯಾಹ್ನ ಅವನನ್ನು ಬಲೆಯಲ್ಲಿ ಎತ್ತಿಕೊಂಡು ಬಂದಾಗ ಅತ್ತೆ, "ಅವಳಿಗೆ ಕಾಣಿಸೋ ಹಾಗೆ ತಗೊಂಡು ಹೋಗ್ಬೇಡ" ಎಂದರು. ಅಷ್ಟೇ ಅಂದದ್ದು. ನಾನು ಸೆರಗಿನಲ್ಲಿ ಮುಚ್ಚಿಕೊಂಡು ಹೋದೆ. ಆ ಸಂಜೆ ತಮ್ಮ ಉಳಿದಿಬ್ಬರು ರೋಗಿಗಳು ಹಿಂದಿನ ಕೋಣೆಗೆ ಸ್ಥಳಾಂತರಗೊಂಡರು. ಅತ್ತೆಯ ಕುರ್ಚಿಯೂ ಅವರ ಹಿಂದೆಯೇ ಹೋಯಿತು.

ಅಲ್ಲಿಂದ ಮುಂದಿನದನ್ನು ತಾವು ನೋಡಿಲ್ಲ, ಹಾಗಾಗಿ ವರದಿ ಸಲ್ಲಿಸುತ್ತಿದ್ದೇನೆ. ತಾಮ್ರ ಕಡಿಮೆಯಾದರೆ ಹುಳು ಬದುಕುತ್ತದೆ, ಹೆಚ್ಚಾದರೆ ಮೀನು ಸಾಯುತ್ತದೆ. ದಿನಕ್ಕೆರಡು ಬಾರಿ ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಹನಿ ಹಾಕಿ, ಬಂದ ಬಣ್ಣವನ್ನು ಚೀಟಿಯ ಮೇಲಿನ ನೀಲಿಗಳ ಜೊತೆ ಹೋಲಿಸಬೇಕು. ನೀಲಿಯನ್ನು ಕುರಿತ ಸಾಲುಗಳನ್ನು ಮೂವತ್ತು ವರ್ಷ ಓದಿ ತಲೆದೂಗಿದ ನನಗೆ, ಕಿಟಕಿಯ ಬೆಳಕಿನಲ್ಲಿ ಎರಡು ನೀಲಿಗಳ ನಡುವೆ ಯಾವುದು ಬದುಕು ಯಾವುದು ಸಾವು ಎಂದು ಹೇಳಲಾಗಲಿಲ್ಲ. ಅತ್ತೆ ಕನ್ನಡಕ ಏರಿಸಿ, "ಇದು ಎರಡನೇದು. ಮೂರನೇದಲ್ಲ" ಎನ್ನುತ್ತಿದ್ದರು. ಒಮ್ಮೆಯೂ ತಪ್ಪಲಿಲ್ಲ. ಸ್ಪಂಜು ಸತ್ತಿದ್ದರಿಂದ ದಿನವೂ ಅರ್ಧ ನೀರು ಬದಲಾಯಿಸಬೇಕಿತ್ತು, ಬದಲಾಯಿಸಿದಷ್ಟಕ್ಕೂ ಔಷಧಿ ಲೆಕ್ಕ ಹಾಕಿ ಸೇರಿಸಬೇಕಿತ್ತು. ಯಜಮಾನ್ತಿ ಒಂಬತ್ತು ದಿನ ಅನ್ನಾಹಾರ ಮುಟ್ಟಲಿಲ್ಲ. ಅತ್ತೆ ಆ ಒಂಬತ್ತು ದಿನವೂ ನನ್ನ ಮೇಲೆ ಒಂದೇ ಒಂದು ದೂರು ಹೇಳಲಿಲ್ಲ. ನನಗೆ ಭಯವಾದದ್ದು ಅದಕ್ಕೇ. ಹತ್ತನೆಯ ದಿನ ಅವಳು ಒಂದು ಚೂರು ಕಚ್ಚಿದಳು. ಒಳಗಿನಿಂದ ಅತ್ತೆಯ ದನಿ ಕೇಳಿತು: "ನೀನು ಊಟ ಬಿಟ್ಟಿದ್ದು ನೋಡಿ ನನ್ನ ಸೊಸೆ ನನಗೂ ಉಪ್ಪಿಲ್ಲದ ಸಾರು ಹಾಕಿದ್ಲು, ಗೊತ್ತಾ?" ನಾನು ಅಡಿಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಈ ಅವಧಿಯಲ್ಲಿ ತಾವು ಇಡೀ ತೊಟ್ಟಿಗೆ ಒಬ್ಬರೇ ಒಡೆಯರಾಗಿ, ಒಬ್ಬ ರೋಗಿಯನ್ನೂ ನೋಡದೆ, ಎರಡು ಹೊತ್ತಿನ ಊಟವನ್ನು ಒಂದು ದಿನವೂ ತಪ್ಪಿಸದೆ ಸೇವೆಯಲ್ಲಿ ಮುಂದುವರಿದಿರಿ. ಅದನ್ನೂ ಸಹಿಸಿದೆ. ಆದರೆ ನಲವತ್ತೊಂದನೆಯ ದಿನ ತಾವು ಮಾಡಿದ್ದನ್ನು ಮಾತ್ರ ಯಾವ ಇಲಾಖೆಯೂ ಕ್ಷಮಿಸದು. ಗುಹೆಯ ಬುಡದಲ್ಲಿ ತಮ್ಮ ದೇಹ ಬೋರಲಾಗಿ ಬಿದ್ದಿತ್ತು. ಮೀಸೆ, ಕಾಲು, ಕಣ್ಣಿನ ಗುಡ್ಡೆಯ ಸಮೇತ. ಆಸ್ಪತ್ರೆ ತೊಟ್ಟಿಗೆ ಅದ್ದಿದ ಕೈಯನ್ನೇ ನಾನು ಮರೆತು ಇಲ್ಲಿಗೂ ಅದ್ದಿದೆನೆಂದು, ತಾಮ್ರ ತಗಲಿಸಿ ತಮ್ಮನ್ನೂ ಕೊಂದೆನೆಂದು ಗೋಳಾಡಿದೆ. ಅತ್ತೆ ಕೋಲೂರಿಕೊಂಡು ಬಂದು, "ಪಾಪ, ಒಂಟಿಯಾಗಿ ಎಷ್ಟು ದಿನ ಅಂತ ಇರತ್ತೆ" ಎಂದರು. ನನ್ನ ಗಂಡ ಟಾರ್ಚು ಹಿಡಿದು ಬಗ್ಗಿ ನೋಡಿ, "ಅಳೋದು ನಿಲ್ಸು. ನಿನ್ನ ಡಾಕ್ಟ್ರು ಹಳೇ ಕೋಟು ಬಿಚ್ಚಿ ಎಸೆದು, ಹೊಸದು ಹಾಕ್ಕೊಂಡು ಹಿಂದೆ ಅಡಗಿ ಕೂತಿದ್ದಾರೆ" ಎಂದರು. ಬೆಳೆಯುವಾಗ ಸಿಗಡಿಗಳು ಚಿಪ್ಪು ಕಳಚುತ್ತವಂತೆ. ಸರಿ, ಕಳಚಲಿ. ಆದರೆ ರಜೆಗೆ ಅರ್ಜಿ ಹಾಕುವ ಬದಲು ತಮ್ಮದೇ ಶವವನ್ನು ಬಾಗಿಲಲ್ಲಿಟ್ಟು ಒಳಗೆ ಮಲಗುವ ಅಧಿಕಾರಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಎಪ್ಪತ್ತಾರು ದಿನ ಮುಗಿದು ಕಳೆದ ವಾರ ಇಬ್ಬರೂ ಗುಣವಾಗಿ ಮರಳಿದರು. ಯಜಮಾನ್ತಿ ಒಮ್ಮೆ ಇಡೀ ತೊಟ್ಟಿ ಸುತ್ತಿದಳು. ಹಿಂದೆ ತಿರುಗಿ ನೋಡಿದಳು. ಆಮೇಲೆ ನೇರವಾಗಿ ತಮ್ಮ ಗುಹೆಗೆ ಬಂದು ಬಾಯಿ ತೆರೆದು ನಿಂತಳು. ತಾವು ಏನೂ ನಡೆದಿಲ್ಲವೆಂಬಂತೆ ಹತ್ತಿ ತಪಾಸಣೆ ಶುರುಮಾಡಿದಿರಿ. "ನೋಡು, ಡಾಕ್ಟ್ರು ಮುಟ್ಟಿದ ಮೇಲೇ ಅವಳ ಮುಖಕ್ಕೆ ಕಳೆ ಬಂತು" ಎಂದರು ಅತ್ತೆ, ಎಪ್ಪತ್ತಾರು ದಿನ ನೀಲಿ ನೋಡಿದ ಅದೇ ಕಣ್ಣುಗಳಿಂದ ಅವಳನ್ನೇ ನೋಡುತ್ತಾ.

ಆದ್ದರಿಂದ ತಮ್ಮಲ್ಲಿ ವಿನಮ್ರ ಬೇಡಿಕೆಗಳು. ತಾವು ಯಾವ ಕಾಯಿಲೆಗೆ ವೈದ್ಯರು, ಯಾವುದಕ್ಕೆ ಬರಿಯ ಅತಿಥಿ ಎಂಬುದನ್ನು ಗುಹೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಬೇಕು. ಚುಕ್ಕಿಗಳು ತಾವಾಗಿಯೇ ಉದುರಿದ ದಿನ ಮೀಸೆಗಳನ್ನು ಮಡಿಚಿಟ್ಟುಕೊಳ್ಳಬೇಕು. ಕೋಟು ಬದಲಿಸುವ ಮೂರು ದಿನ ಮುಂಚೆ ಲಿಖಿತ ಸೂಚನೆ ಕೊಡಬೇಕು. ದಿನಕ್ಕೊಂದು ಹನಿಯಂತೆ ಅಭ್ಯಾಸ ಮಾಡಿ, ಮುಂದಿನ ವರ್ಷದೊಳಗೆ ತಾಮ್ರವನ್ನು ತಾಳಿಕೊಳ್ಳುವಷ್ಟು ಗಟ್ಟಿಯಾಗಬೇಕು. ಮತ್ತು ತಮ್ಮ ರೋಗಿಗಳ ಪಟ್ಟಿಯಿಂದ ಪುಟ್ಟರಾಯನ ಹೆಸರನ್ನು ತಾವೇ ಹೊಡೆದುಹಾಕಬೇಕು, ನಮ್ಮಿಂದ ಆಗುತ್ತಿಲ್ಲ.

ತಮ್ಮ ಮೇಲಿನ ಆರೋಪಪಟ್ಟಿಯನ್ನು ಕೂತು ತಯಾರಿಸುವಾಗ ನನಗೊಂದು ತೊಡಕಾಯಿತು. ವೈದ್ಯರೆಂದು ತಾವು ಎಲ್ಲಿಯೂ ಹೇಳಿಕೊಂಡಿಲ್ಲ. ತಾವು ಹಸಿದಿದ್ದಿರಿ, ಸಿಕ್ಕಿದ್ದನ್ನು ತಿಂದಿರಿ. ಹುದ್ದೆ, ಬಿರುದು, ಗುಹೆಯ ವಿಳಾಸ ಎಲ್ಲವೂ ನಾನೇ ಕೊಟ್ಟದ್ದು. ಆಸ್ಪತ್ರೆಯನ್ನು ಮಗ್ಗುಲಿಗೆ ಮಲಗಿಸಿದವಳೂ ನಾನೇ. ನನಗೆ ತಮ್ಮ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟಿರುವುದು ಈ ಒಂದು ಅಂಶದಲ್ಲಿಯೇ. ಇದಕ್ಕೆ ತಾವು ವಿವರಣೆ ಕೊಡಲೇಬೇಕೆಂದು ಒತ್ತಾಯಿಸುತ್ತಾ,

ಇನ್ನೂ ತಮಗೆ ಊಟ ಹಾಕುತ್ತಿರುವ,
ತಮ್ಮ ವಿಶ್ವಾಸಿ,
ಯಜಮಾನ್ತಿಯ ಕಡೆಯವಳು

ಹಿಂಬರಹ: ನಿನ್ನೆ ಗಾಜು ಉಜ್ಜಲು ಕೈ ಒಳಗಿಟ್ಟಾಗ ತಾವು ಬಂದು ನನ್ನ ಉಂಗುರದ ಬೆರಳನ್ನು ಹತ್ತಿ, ಉಗುರಿನ ಸುತ್ತಲಿನ ಚರ್ಮವನ್ನು ಬಹಳ ಗಂಭೀರವಾಗಿ ಪರೀಕ್ಷಿಸಿದಿರಿ. ನನಗೆ ಯಾವ ಕಾಯಿಲೆಯೂ ಇಲ್ಲ. ಆದರೂ ತೋಳು ಜೋಮು ಹಿಡಿಯುವವರೆಗೆ ಕೈ ತೆಗೆಯಲಿಲ್ಲ; ತೆಗೆದಾಗ ಏನೋ ಹಗುರಾದಂತೆ ಅನ್ನಿಸಿದ್ದೂ ನಿಜ. ಇದನ್ನು ದೂರು ಹಿಂತೆಗೆದುಕೊಂಡಂತೆ ಭಾವಿಸಬಾರದು. ಜನ ತಮ್ಮನ್ನು ನಂಬುವುದು ಹೇಗೆಂಬುದಕ್ಕೆ ಸಾಕ್ಷಿಯಾಗಿ ಇದನ್ನೂ ಕಡತಕ್ಕೆ ಸೇರಿಸಿಕೊಳ್ಳತಕ್ಕದ್ದು.