ರಾಣಿ ಆಗಲು ಹೊರಟ ಆಪರೇಟರ್

ಭಯಕ್ಕೆ ಮದ್ದು ಕೇಳಿಕೊಂಡು ತಿರುಗುವವರಿಗೆ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಮದ್ದು ಸಿಗುವುದಿಲ್ಲ, ಮದ್ದು ಹೇಳುವವರಿಗೆ ಏನು ಭಯ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಎಪ್ಪತ್ತರ ದಶಕದಲ್ಲಿ ನಾನು ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಆಗ ಬೇರೆ ಊರಿಗೆ ಮಾತಾಡಬೇಕಾದರೆ ಜನ ನಮ್ಮಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಲೈನ್ ಸಿಕ್ಕಿದಾಗ ನಾವು ಕೊಡಿಸುತ್ತಿದ್ದೆವು. ಮೂರು ನಿಮಿಷಕ್ಕೊಮ್ಮೆ, ಬಿಲ್ ಏರುವ ಮುಂಚೆ, ನಡುವೆ ಬಾಯಿ ಹಾಕಿ, ಮುಂದುವರಿಸಬೇಕೋ ಬೇಡವೋ ಎಂದು ಕೇಳುತ್ತಿದ್ದೆವು. ಹೀಗಾಗಿ ಊರಿನ ವಕೀಲರು, ಡಾಕ್ಟರು, ಮಂಡಿ ವ್ಯಾಪಾರಿಗಳು, ಪೊಲೀಸರು ಎಲ್ಲರಿಗೂ ನನ್ನ ದನಿ ಗೊತ್ತು. ಮುಖ ಒಬ್ಬರಿಗೂ ಗೊತ್ತಿಲ್ಲ. ಮಾರ್ಕೆಟ್ಟಿನಲ್ಲಿ ಹುರಳಿಕಾಯಿ ಎಷ್ಟು ಅಂತ ಕೇಳಿದರೆ ಪಕ್ಕದಲ್ಲಿದ್ದವರು ತಟ್ಟನೆ ತಿರುಗುತ್ತಿದ್ದರು. ಈ ದನಿ ಎಲ್ಲೋ ಕೇಳಿದ್ದೀನಲ್ಲ ಅನ್ನುವ ಮುಖ ಮಾಡಿ, ನನ್ನನ್ನು ದಾಟಿ ಹಿಂದೆ ನಿಂತ ಯಾರನ್ನೋ ನೋಡುತ್ತಿದ್ದರು. ನನಗೆ ಅದು ಬಹಳ ಬೇಸರ ತರುತ್ತಿತ್ತು. ಒಂದೇ ಒಂದು ಸಲ ಈ ಊರು ನನ್ನನ್ನು ಕಣ್ಣಾರೆ ನೋಡಲಿ ಅಂತ ಆಸೆ.

ಆ ಹೊತ್ತಿಗೆ ನೌಕರರ ನಾಟಕ ಸಂಘದವರು ಒಂದು ಚಾರಿತ್ರಿಕ ನಾಟಕಕ್ಕೆ ರಾಣಿ ಬೇಕೆಂದು ಹುಡುಕುತ್ತಿದ್ದರು. ಆಯ್ಕೆಗೆ ಹೆಸರು ಕೊಟ್ಟುಬಿಟ್ಟೆ. ಕೊಟ್ಟ ಗಳಿಗೆಯಿಂದಲೇ ಭಯ. ಫೋನಿನಲ್ಲಿ ಎಂಥ ದೊಡ್ಡ ಆಫೀಸರನ್ನಾದರೂ 'ಸ್ವಲ್ಪ ಇರಿ' ಅಂತ ಕಾಯಿಸುತ್ತಿದ್ದ ನನಗೆ, ಎದುರಿಗೆ ನಾಲ್ಕು ಮುಖ ಕಂಡರೆ ನಾಲಿಗೆ ಒಣಗುತ್ತಿತ್ತು. ಬೇರೆಯವರು ಈ ಭಯವನ್ನು ಹೇಗೆ ನಿಭಾಯಿಸುತ್ತಾರೆ? ಈ ಕುತೂಹಲ ಹತ್ತಿದ ಮೇಲೆ ಕಂಡಕಂಡವರನ್ನೆಲ್ಲ ಕೇಳಲು ಶುರು ಮಾಡಿದೆ.

೧. ಗುಬ್ಬಿಯವರಿಗೇನು ಭಯ

ಮೊದಲು ಕೇಳಿದ್ದು ಸಂಘದ ಕಾರ್ಯದರ್ಶಿಗಳನ್ನೇ. ಅವರು ನಮ್ಮ ಎಕ್ಸ್‌ಚೇಂಜಿನ ಎದುರಿನ ಆಫೀಸಿನಲ್ಲಿ ಗುಮಾಸ್ತರು, ಕುಣಿಗಲ್‌ನಿಂದ ದಿನಾ ಬಸ್ಸಿನಲ್ಲಿ ಓಡಾಡುವವರು. ಹೆಸರು ಬರೆದುಕೊಳ್ಳುತ್ತಾ, "ಯಾವೂರಮ್ಮ ನಿಮ್ದು?" ಅಂದರು.

"ಗುಬ್ಬಿ, ಸಾರ್."

ಅವರು ಪೆನ್ನು ಕೆಳಗಿಟ್ಟರು. "ಮೊದ್ಲೇ ಹೇಳೋದಲ್ವಾ? ಗುಬ್ಬಿ ಅಂದ್ರೆ ನಾಟಕ ಕಂಪನಿ ಊರು, ಅಲ್ಲಿಯವ್ರಿಗೆ ನಾಟಕ ಯಾರು ಕಲಿಸ್ಬೇಕು?"

"ಸಾರ್, ನಮ್ಮಪ್ಪಂದು ಕೊಬ್ಬರಿ ವ್ಯಾಪಾರ. ನಮ್ಮ ಮನೇಲಿ ಸ್ಟೇಜ್ ಹತ್ತಿದೋರು ಯಾರೂ ಇಲ್ಲ. ನಂಗೆ ಜನ ಕಂಡ್ರೇ ಮಾತೇ ಮರೆತುಹೋಗುತ್ತೆ. ಅದಕ್ಕೇನು ಮಾಡ್ಬೇಕು ಹೇಳಿ."

"ಸುಮ್ನಿರಿ. ಆ ಊರಲ್ಲಿ ಹುಟ್ಟಿದ್ಮೇಲೆ ರಕ್ತದಲ್ಲೇ ಬಂದಿರುತ್ತೆ."

ನನಗೆ ಸ್ವಲ್ಪ ರೇಗಿತು. "ಹಂಗಾದ್ರೆ ನಿಮ್ಮ ಕುಣಿಗಲ್ ಕುದುರೆ ಫಾರಮ್ಮಿಗೆ ಹೆಸರಾಗಿರೋ ಊರು. ನೀವು ಕುದುರೆ ಸವಾರಿ ಮಾಡ್ತೀರಾ ಸಾರ್?"

ಕಾರ್ಯದರ್ಶಿಗಳು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು. "ಯಾರಿಗೂ ಹೇಳ್ಬೇಡಿ. ಬಸ್ಸು ಫಾರಂ ಹತ್ರ ಬಂದ್ರೆ ನಾನು ಆ ಕಡೆ ಕಿಟಕಿ ಬಿಟ್ಟು ಈ ಕಡೆ ಸೀಟಿಗೆ ಬರ್ತೀನಿ."

೨. ವಕೀಲರ ಗುಟ್ಟು

ಊರಿಗೆಲ್ಲ ಗೊತ್ತಿದ್ದ ಒಬ್ಬ ಹಿರಿಯ ವಕೀಲರಿದ್ದರು. ಕೋರ್ಟಿನಲ್ಲಿ ಅವರು ವಾದಕ್ಕೆ ನಿಂತರೆ ಹೊರಗೆ ಕಡಲೆಕಾಯಿ ಮಾರುವವನಿಗೂ ಕೇಳಿಸುತ್ತಿತ್ತಂತೆ. ಒಂದು ಮಧ್ಯಾಹ್ನ ಅವರು ಬೆಂಗಳೂರಿಗೆ ಕಾಲ್ ಬುಕ್ ಮಾಡಿ, ರಿಸೀವರ್ ಕಿವಿಗಿಟ್ಟುಕೊಂಡೇ ಕಾಯುತ್ತಿದ್ದರು. ಲೈನ್ ಸಿಗುವ ಸೂಚನೆ ಇರಲಿಲ್ಲ. ಬಿಡುವಿನಲ್ಲಿದ್ದೇನೆ, ಕೇಳಿಯೇಬಿಡೋಣ ಅನ್ನಿಸಿತು.

"ಸಾರ್, ಒಂದ್ ಮಾತು ಕೇಳ್ಲಾ? ಅಷ್ಟು ಜನದ ಮುಂದೆ ನಿಂತು ಮಾತಾಡ್ತೀರಲ್ಲ, ಭಯ ಆಗಲ್ವಾ?"

ಬಹುಶಃ ಇಷ್ಟು ವರ್ಷದಲ್ಲಿ ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ.

"ಆಗದೆ ಏನಮ್ಮ. ಈಗ್ಲೂ ಆಗುತ್ತೆ."

"ಮತ್ತೆ ಏನ್ ಮಾಡ್ತೀರಾ ಸಾರ್?"

"ಜಡ್ಜ್ ಮುಖ ನೋಡೋಕೇ ಹೋಗಲ್ಲ. ತಿರುಗಿ ನನ್ನ ಕಕ್ಷಿದಾರನ ಮುಖ ನೋಡ್ತೀನಿ."

"ಅವ್ರನ್ನ ನೋಡಿದ್ರೆ ಧೈರ್ಯ ಬರುತ್ತಾ?"

"ಬರುತ್ತೆ. ನಾನು ಬಾಯಿ ತೆಗೀತೀನಿ ಅಂದ್ರೆ ಅವ್ನು ನನಗಿಂತ ಹೆದರಿರ್ತಾನೆ."

೩. ಕಾಯಿಗಳ ಸಭೆ

ನಾನು ತುಮಕೂರಿಗೆ ಅಂಟಿಕೊಂಡ ಮರಳೂರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಆಯ್ಕೆಗೆಂದು ಕೊಟ್ಟಿದ್ದ ಡೈಲಾಗನ್ನು ಅಲ್ಲಿ ಜೋರಾಗಿ ಹೇಳಿದರೆ ಅಕ್ಕಪಕ್ಕದವರು ಜಗಳ ಬಿಡಿಸಲು ಬರುತ್ತಾರೆಂದು, ಭಾನುವಾರ ಗುಬ್ಬಿಗೆ ಹೋದೆ. ಅಪ್ಪನಿಗೆ ವಿಷಯ ಹೇಳಿದೆ. ನಾಟಕ ಬೇಡ ಅನ್ನಬಹುದು ಅಂತ ಅಳುಕಿತ್ತು, ಅವರು ಹಾಗೇನೂ ಅನ್ನಲಿಲ್ಲ. ಲೆಕ್ಕಾಚಾರದ ಮನುಷ್ಯ, ನೇರವಾಗಿ ಪರಿಹಾರಕ್ಕೆ ಬಂದರು.

"ಎದುರಿಗೆ ಕೂತೋರ್ನ ಮನುಷ್ಯರು ಅಂದ್ಕೋಬೇಡ. ತೆಂಗಿನಕಾಯಿ ಅಂದ್ಕೊ. ಬಾ, ಗೋಡೌನಲ್ಲಿ ಅಭ್ಯಾಸ ಮಾಡು."

ಗೋಡೌನಿನಲ್ಲಿ ಸುಲಿಯದ ಕಾಯಿ ಎದೆಮಟ್ಟ ಬಿದ್ದಿತ್ತು. ಒಳ್ಳೆ ಸಭೆ. ಕೆಮ್ಮುವವರಿಲ್ಲ, ಎದ್ದು ಹೋಗುವವರಿಲ್ಲ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರು ಮಾಡಿದೆ. "ಎಲೈ ಸೇನಾಪತಿ, ನನ್ನ ಮೈಯಲ್ಲಿ ಉಸಿರಿರುವವರೆಗೂ ಈ ಕೋಟೆಯ ಬೀಗದ ಕೈ ನಿನ್ನ ಕೈ ಸೇರದು!" ನನ್ನ ದನಿ ಹೆಂಚಿಗೆ ಬಡಿದು ವಾಪಸ್ಸು ಬಂತು. ನನಗೇ ಮೈ ಜುಮ್ಮೆಂದಿತು. ಬಾಗಿಲಲ್ಲಿ ನಿಂತ ಅಪ್ಪನೂ ತಲೆದೂಗುತ್ತಿದ್ದರು.

ಅಷ್ಟರಲ್ಲಿ ರಾಶಿಯ ಹಿಂದಿನಿಂದ ಒಂದು ತಲೆ ಎದ್ದಿತು. ಕಾಯಿ ಸುಲಿಯುವ ಆಳು, ಅಲ್ಲೇ ಕೂತು ಕೇಳುತ್ತಿದ್ದನಂತೆ. ಆ ಒಂದು ಮುಖ ಕಂಡಿದ್ದೇ ತಡ, ನನ್ನ ಬಾಯಿ ಟಪ್ಪನೆ ಮುಚ್ಚಿಕೊಂಡಿತು. ಮುಂದಿನ ಸಾಲು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಅಷ್ಟು ರಾಶಿ ಮುಂದೆ ಗುಡುಗಿದೋಳು, ಇವನೊಬ್ಬನ್ನ ಕಂಡು ನಿಂತ್ಬಿಟ್ಯಲ್ಲ," ಅಂದರು ಅಪ್ಪ.

ಆಳು ಮಾತ್ರ ಜಾಗ ಬಿಟ್ಟು ಅಲ್ಲಾಡಲಿಲ್ಲ. "ಬೀಗದ ಕೈ ಆಮೇಲೆ ಯಾರಿಗೆ ಸಿಗ್ತದೆ ಅಂತ ಯೋಳ್ಬುಟ್ಟು ಓಗವ್ವ. ಅಲ್ಲೀಗಂಟ ನಾನು ಕಾಯಿ ಸುಲ್ಯಾಕಿಲ್ಲ."

೪. ಹಳೆಯ ರಾಣಿ

ಇಷ್ಟರಲ್ಲಿ ಒಂದು ವಿಷಯ ತಿಳಿಯಿತು. ಸಂಘದಲ್ಲಿ ಅಲ್ಲಿಯವರೆಗೆ ಹೆಂಗಸರೇ ಇರಲಿಲ್ಲ. ರಾಣಿ, ಮಹಾರಾಣಿ, ರಾಜಮಾತೆ, ಏನೇ ಇದ್ದರೂ ನಮ್ಮ ಕುಣಿಗಲ್ ಕಾರ್ಯದರ್ಶಿಗಳೇ ಮಾಡುತ್ತಿದ್ದರು. ನಾನು ಆಯ್ಕೆಯಾಗದಿದ್ದರೆ ಈ ಸಲವೂ ಅವರೇ ಗತಿ. ಕುದುರೆ ಕಂಡರೆ ಸೀಟು ಬದಲಾಯಿಸುವ ಮನುಷ್ಯ ಸೀರೆ ಉಟ್ಟು ಅಷ್ಟು ಜನರ ಮುಂದೆ ಹೇಗೆ ನಿಲ್ಲುತ್ತಾರೆ? ತಿಳಿದುಕೊಳ್ಳದೆ ನಿದ್ದೆ ಬರುವಂತಿರಲಿಲ್ಲ. ಅಕ್ಕನನ್ನು ಜೊತೆಗೆ ಕರೆದುಕೊಂಡು ಕುಣಿಗಲ್‌ಗೇ ಹೋದೆ.

ಅವರ ಹೆಂಡತಿ ತಿನ್ನಲು ಮಂಡಕ್ಕಿ, ಕುಡಿಯಲು ಕಾಫಿ ಕೊಟ್ಟು, ಬಾಗಿಲಿಗೆ ಒರಗಿ ನಿಂತರು. ನಾನು ಕೇಳಿದೆ, "ಸಾರ್, ರಾಣಿ ಆಗಿ ನಿಂತಾಗ ನಿಮಗೆ ಸ್ಟೇಜ್ ಭಯ ಆಗಿಲ್ವಾ?"

"ಇಲ್ಲಮ್ಮ."

"ಒಂದ್ ಸಲಾನೂ?"

"ಒಂದ್ ಸಲಾನೂ ಇಲ್ಲ. ಯಾಕೆ ಅಂದ್ರೆ, ನಾನು ಉಡೋದು ಇವಳ ಧಾರೆ ಸೀರೆ. ಎಲ್ಲಿ ಮೊಳೆಗೆ ಸಿಕ್ಕಿ ಹರಿಯುತ್ತೋ, ಎಲ್ಲಿ ಬಣ್ಣ ಮೆತ್ತುತ್ತೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿರ್ತೀನಿ. ಜನಕ್ಕೆ ಹೆದರೋಕೆ ಪುರುಸೊತ್ತೆಲ್ಲಿ?"

"ಹೋದ ಸಲ ಯುದ್ಧದಲ್ಲಿ ರಾಣಿ ಸಾಯ್ಬೇಕಿತ್ತು," ಅಂದರು ಹೆಂಡತಿ ಬಾಗಿಲಿಂದ. "ನೆಲ ಧೂಳಾಗಿತ್ತು ಅಂತ ನಿಂತ್ಕೊಂಡೇ ಸತ್ರು."

ಕಾರ್ಯದರ್ಶಿಗಳು ಕಾಫಿ ಲೋಟದೊಳಗೆ ನೋಡತೊಡಗಿದರು. ಹೊರಡುವಾಗ ಆಕೆ ನಮ್ಮಿಬ್ಬರಿಗೂ ಕುಂಕುಮ ಕೊಟ್ಟರು. ನನ್ನ ಹಣೆಗೆ ತಾವೇ ಕೈಯಾರೆ ಇಟ್ಟು, "ಏನಾದ್ರೂ ಮಾಡಿ ನೀನೇ ರಾಣಿ ಆಗ್ಬುಡವ್ವ. ನನ್ ಮಗಳ ಮದ್ವೆಗಾದ್ರೂ ಆ ಸೀರೆ ನಾನು ಉಡ್ಬೇಕು," ಅಂದರು.

೫. ಕೋಟೆಯ ಮಾತುಕತೆ

ಆಯ್ಕೆಯ ದಿನ ಬಂತು. ತುಮಕೂರಿನ ಒಂದು ಸ್ಕೂಲಿನ ಹಾಲ್. ಆಯ್ಕೆ ಮಾಡುವವರು ಹಾರ್ಮೋನಿಯಂ ಮೇಷ್ಟ್ರು. ಹಿಂದೆ ನಾಟಕ ಕಂಪನಿಗಳ ಜೊತೆ ಊರೂರು ಸುತ್ತಿ ಬಂದವರು, ನಗುವುದೇ ಅಪರೂಪ. ಒಬ್ಬಿಬ್ಬರು ಇರುತ್ತಾರೆ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಪಾತ್ರಕ್ಕೆ ಬಂದವರು, ಅವರ ಮನೆಯವರು, ಮನೆಯವರ ನೆಂಟರು, ಎಲ್ಲ ಸೇರಿ ಬೆಂಚುಗಳು ಭರ್ತಿ. ವಕೀಲರ ಉಪಾಯ ನೆನಪು ಮಾಡಿಕೊಂಡೆ, ನನಗಿಂತ ಹೆದರಿದ ಮುಖ ಆ ಬೆಂಚುಗಳಲ್ಲಿ ಒಂದೂ ಇರಲಿಲ್ಲ. ಅಪ್ಪನ ಉಪಾಯದಂತೆ ತೆಂಗಿನಕಾಯಿ ಅಂದುಕೊಂಡೆ. ಕಾಯಿಗಳು ಎಲೆಯಡಿಕೆ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದವು.

ಶತ್ರು ಸೇನಾಪತಿಯ ಪಾತ್ರಕ್ಕೆ ಬಂದಿದ್ದವರು ಕ್ಯಾತ್ಸಂದ್ರದಲ್ಲಿ ಮನೆ ಮಾಡಿಕೊಂಡಿದ್ದ ಒಬ್ಬ ಪೊಲೀಸ್ ಪೇದೆ. ಠಾಣೆಯಲ್ಲಿ ಫೋನ್ ಎತ್ತುವ ಕೆಲಸ ಅವರದು ಅಂತ ನನಗೆ ಆಮೇಲೆ ಗೊತ್ತಾಯಿತು. ಆಜಾನುಬಾಹು, ಹುರಿ ಮೀಸೆ. ಅಂಥವರೂ ಕಿಟಕಿ ಸರಳು ಹಿಡಿದುಕೊಂಡು ಬೆವರುತ್ತಿದ್ದರು. ನಾನು ಏನಾದರೂ ಕೇಳೋಣ ಅಂದರೆ ಮಾತೇ ಹೊರಡಲಿಲ್ಲ. ಸುಮ್ಮನೆ ತಲೆ ಆಡಿಸಿದೆ. ಅವರೂ ತಲೆ ಆಡಿಸಿದರು. ಒಟ್ಟಿಗೆ ಆಪರೇಷನ್ನಿಗೆ ಹೊರಟವರ ಹಾಗಿತ್ತು ನಮ್ಮಿಬ್ಬರ ಸ್ಥಿತಿ.

ಮೇಷ್ಟ್ರು ನಮ್ಮಿಬ್ಬರನ್ನೂ ಒಟ್ಟಿಗೇ ಕರೆದರು. ಸೇನಾಪತಿ ಕೋಟೆಯ ಬೀಗದ ಕೈ ಕೇಳಬೇಕು, ರಾಣಿ ಕೊಡುವುದಿಲ್ಲ ಎನ್ನಬೇಕು. ದೃಶ್ಯ ಅಷ್ಟೇ.

ಪೇದೆ ಎದೆಯುಬ್ಬಿಸಿ, "ಎಲೌ ರಾಣಿ..." ಅಂದರು. ಮುಂದಿನದು ಬರಲಿಲ್ಲ. ಮತ್ತೆ "ಎಲೌ ರಾಣಿ" ಅಂದರು. ಅದೂ ಅಲ್ಲಿಗೇ ನಿಂತಿತು. ಅವರಿಗೆ ಮಾತು ಬರುತ್ತಿಲ್ಲ, ನನಗೆ ಉಸಿರೇ ಬರುತ್ತಿಲ್ಲ. ಕಾರ್ಯದರ್ಶಿಗಳು ಮೂಲೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತರು. ಇನ್ನು ಮುಗಿಯಿತು, ಈ ಊರು ನನ್ನನ್ನು ನೋಡಿದ್ದು ಹೀಗೆ ಗೂಟದ ಹಾಗೆ ನಿಂತಿದ್ದನ್ನು ಮಾತ್ರ ಅಂತ ಅನ್ನಿಸಿ ಅಳು ಬಂತು.

ಆದರೆ ಎಕ್ಸ್‌ಚೇಂಜಿನಲ್ಲಿ ಕೂತವರಿಗೆ ಒಂದು ರೂಢಿ. ಎರಡು ಕಡೆಯವರೂ ಸುಮ್ಮನಿದ್ದರೆ ಕೈ ಕಟ್ಟಿ ಕೂರಲು ಆಗುವುದಿಲ್ಲ. ನನ್ನ ಬಾಯಿ ನನ್ನನ್ನು ಕೇಳದೆ ತಾನೇ ತೆರೆಯಿತು.

"ಹಲೋ. ಲೈನ್ ಇದೆ, ಮಾತಾಡಿ."

ಪೇದೆ ಬೆಚ್ಚಿ ನೆಟ್ಟಗಾದರು. ಅವರ ಕೈ ತಾನಾಗಿ ಕಿವಿಗೆ ಹೋಯಿತು. "ನಮಸ್ಕಾರ ಮೇಡಂ. ಸ್ಟೇಷನ್ನಿಂದ ಮಾತಾಡ್ತಿರೋದು."

ಹಾಲ್‌ನಲ್ಲಿ ನಗು ಭೋರೆಂದು ಎದ್ದಿತು. ಮೇಷ್ಟ್ರು ಮಾತ್ರ ನಗಲಿಲ್ಲ. ಹಾರ್ಮೋನಿಯಂ ಮುಚ್ಚಳದ ಮೇಲೆ ಒಂದು ಏಟು ಹಾಕಿ, "ಸುಮ್ಕಿರ್ರಿ ಎಲ್ಲ. ಇಬ್ಬರಿಗೂ ಬಾಯಿ ಬಂತು. ಹಂಗೇ ಫೋನಲ್ಲೇ ಮುಂದುವರ್ಸಿ," ಅಂದರು.

ಪೇದೆ ಕಿವಿಯಿಂದ ಕೈ ತೆಗೆಯದೆ ಗುಡುಗಿದರು. "ಎಲೌ ರಾಣಿ, ಕೋಟೆಯ ಬೀಗದ ಕೈ ಕೊಡುತ್ತೀಯೋ, ಇಲ್ಲ ಕೋಟೆಯನ್ನೇ ಸುಟ್ಟು ಬೂದಿ ಮಾಡಲೋ?" ಒಂದು ಅಕ್ಷರ ತಪ್ಪಲಿಲ್ಲ. ನಾನೂ ಮುಷ್ಟಿಯನ್ನು ಕಿವಿಗಿಟ್ಟು ಉತ್ತರ ಕೊಟ್ಟೆ. ಸಾಲಿನ ಮೇಲೆ ಸಾಲು ನುಗ್ಗಿ ಬಂತು. ನಡುವೆ ಒಮ್ಮೆ ಜನರ ಕಡೆ ನೋಡಿದೆ. ಅಷ್ಟೂ ಮುಖಗಳು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದವು, ಈ ಸಲ ನನ್ನನ್ನು ದಾಟಿ ಯಾರನ್ನೂ ನೋಡುತ್ತಿರಲಿಲ್ಲ. ನನಗೆ ಒಂದು ಚೂರೂ ಭಯವಾಗಲಿಲ್ಲ. ಅಂಥ ಸಂತೋಷ ನನಗೆ ಸಂಬಳ ಬಂದ ಮೊದಲ ದಿನವೂ ಆಗಿರಲಿಲ್ಲ. ಮೇಷ್ಟ್ರು ಕಾರ್ಯದರ್ಶಿಗಳ ಕಡೆ ತಿರುಗಿ, "ರಾಣಿ ಸಿಕ್ಕಳು ಕಣಪ್ಪ," ಅಂದಿದ್ದು ನನ್ನ ಕಿವಿಗೂ ಬಿತ್ತು. ಆ ಹುರುಪಿಗೆ ನನ್ನ ದನಿ ಇನ್ನಷ್ಟು ಏರಿತು. ಪೇದೆಯೂ ಬಿಡಲಿಲ್ಲ. ಸೇನಾಪತಿ ಕತ್ತಿ ಹಿರಿಯುವ ಘಟ್ಟ ಬಂದೇಬಿಟ್ಟಿತು, ಜನ ಉಸಿರು ಬಿಗಿಹಿಡಿದು ಕೂತಿದ್ದರು.

ಆಗ ನನ್ನ ಬಾಯಿಂದ ನಯವಾಗಿ, ಸ್ಪಷ್ಟವಾಗಿ ಹೊರಬಿತ್ತು. "ಮೂರು ನಿಮಿಷ ಆಯ್ತು. ಮುಂದುವರಿಸ್ಲಾ?"

ಸೇನಾಪತಿ ಎತ್ತಿದ ಕೈಯನ್ನು ಗಾಬರಿಯಿಂದ ಕೆಳಗಿಳಿಸಿದರು.

"ಬೇಡ ಮೇಡಂ, ಬಿಲ್ ಜಾಸ್ತಿ ಆದ್ರೆ ಸಾಹೇಬ್ರು ಬಯ್ತಾರೆ. ಕೋಟೆ ನೀವೇ ಇಟ್ಕೊಳ್ಳಿ."